ಸರ್ಚುನಲ್ಲಿ ಜೀಪೂ ಮಲಗಿತು, ಜನರೂ ಮಲಗಿದರು. ಈ ಸಲ ಪ್ಲಾನ್ ಎಲ್ಲಿ ತಿದ್ದಬೇಕು?

ಹಳೇಜೀಪು (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಜುಲೈನಲ್ಲಿ ಐದು ಗಾಡಿ, ಹದಿಮೂರು ಜನ ಲೇಹ್‌ಗೆ ಅಂತ ಹೊರಟಿದ್ದೆವು. ಲೇಹ್ ಮುಟ್ಟಲಿಲ್ಲ. ಮನಾಲಿ-ಲೇಹ್ ದಾರಿ ಮಧ್ಯದ ಸರ್ಚುನಿಂದ ವಾಪಸ್ ಬಂದೆವು. ಊರಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ, ಅದು ಬೇರೆ ಮಾತು. ಈ ಸಲ ಮತ್ತೆ ಹೊರಡುತ್ತಿದ್ದೇವೆ. ಆದ ತೊಂದರೆ ಎಲ್ಲಾ ಬರೆಯುತ್ತೇನೆ, ಎಲ್ಲಿ ತಪ್ಪಿದೆವು ಹೇಳಿ.

ಬೆಳಿಗ್ಗೆ ಮನಾಲಿ ಬಿಟ್ಟು, ಅಟಲ್ ಸುರಂಗ ದಾಟಿ, ರಾತ್ರಿ ಸರ್ಚುನಲ್ಲಿ ಟೆಂಟ್. ಸಂಜೆಯಿಂದಲೇ ನಾಲ್ಕು ಜನಕ್ಕೆ ತಲೆನೋವು, ಇಬ್ಬರಿಗೆ ವಾಂತಿ. ನನ್ನ ಗಾಡಿ ಹಳೇ ಪೆಟ್ರೋಲ್ ಜೀಪು, ಕಾರ್ಬುರೇಟರ್‌ದು (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಬಿಡುವ ಹಳೇ ಭಾಗ). ದಾರಿಯ ಬರಲಾಚ ಪಾಸ್ (ಬೆಟ್ಟ ದಾಟುವ ಎತ್ತರದ ಜಾಗ) ಹತ್ತುವಾಗ ಕಪ್ಪು ಹೊಗೆ, ಎರಡನೇ ಗೇರಲ್ಲೂ ಎಳೆಯಲಿಲ್ಲ. ಮರುದಿನ ಬೆಳಿಗ್ಗೆ ಸ್ಟಾರ್ಟೇ ಆಗಲಿಲ್ಲ. ಚೋಕ್ ಎಳೆದು ಎಳೆದು ಬ್ಯಾಟರಿ ಇಳಿಸಿದೆ.

ಇನ್ನೊಂದು ವಿಚಿತ್ರ. ಗೆಳೆಯನ ಗಾಡಿಗೆ ಇಲ್ಲಿಂದ ಹೊರಡುವಾಗ 33 ಪಿಎಸ್‌ಐ ಗಾಳಿ ಇತ್ತು. ಬರಲಾಚ ಮೇಲೆ ಮೀಟರ್ 38 ತೋರಿಸಿತು. ಹೆದರಿ 33ಕ್ಕೆ ಇಳಿಸಿದ. ವಾಪಸ್ ಚಂಡೀಗಢಕ್ಕೆ ಬಂದು ನೋಡಿದರೆ 27. ನಾಲ್ಕೂ ಟೈರ್ ಒಟ್ಟಿಗೆ ಪಂಕ್ಚರ್ ಆಗುತ್ತವಾ?

ಐದು ಗಾಡಿ ಒಟ್ಟಿಗೆ ಇದ್ದದ್ದೂ ಕಮ್ಮಿ. ಮುಂದಿನವರು ಒಂದು ನಾಲಾ (ರಸ್ತೆಗೆ ಅಡ್ಡ ಹರಿಯುವ ಹಳ್ಳ) ದಾಟಿ ಹೋಗೇ ಬಿಟ್ಟಿದ್ದರು. ಫೋನ್ ಹತ್ತಲಿಲ್ಲ.

ಈ ಸಲವೂ ಅದೇ ದಾರಿ, 16 ದಿನ ರಜೆ. ಆಗುತ್ತಾ?

ಮಾರಿಕಣಿವೆ (ಹಿರಿಯೂರು):

ಅಣ್ಣಾ, ಜೀಪಿನ ವಿಷಯ ಆಮೇಲೆ. ಮೊದಲು ಮಲಗುವ ಜಾಗ ತಿದ್ದಿ. ನಮ್ಮ ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಮನಾಲಿ 2,050. ಸರ್ಚು 4,290. ಅಂದರೆ ಒಂದೇ ಹಗಲಲ್ಲಿ 2,200 ಮೀಟರ್ ಮೇಲೆ ಹೋಗಿ ಹಾಸಿಗೆ ಹಾಸಿದ್ದೀರಿ. ನಾಲ್ಕೇ ಜನಕ್ಕೆ ತಲೆನೋವು ಬಂತು ಅನ್ನುವುದೇ ಪುಣ್ಯ.

ಹಗಲು ಎಷ್ಟೇ ಎತ್ತರದ ಪಾಸ್ ದಾಟಿದರೂ ಅಷ್ಟು ತೊಂದರೆ ಇಲ್ಲ, ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದು ಮುಖ್ಯ. 3,000 ಮೀಟರ್ ದಾಟಿದ ಮೇಲೆ ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಬಾರದು ಅಂತ ಲೆಕ್ಕ. ಮನಾಲಿ ದಾರಿಯಲ್ಲಿ ಇದನ್ನು ಪಾಲಿಸುವುದು ಕಷ್ಟ. ಜಿಸ್ಪಾ, ದಾರ್ಚಾ ಊರು ಬಿಟ್ಟರೆ ಮುಂದೆ ತಂಗುವ ಜಾಗ ಹೆಚ್ಚಿನವು 4,000ದ ಮೇಲೇ.

ದಾರಿ ಉಲ್ಟಾ ಮಾಡಿ. ಶ್ರೀನಗರದ ಕಡೆಯಿಂದ ಹತ್ತಿ, ಮನಾಲಿ ಕಡೆ ಇಳಿಯಿರಿ. ಶ್ರೀನಗರ 1,585 ಮೀಟರ್, ಆಮೇಲೆ ಕಾರ್ಗಿಲ್ 2,676, ಲೇಹ್ 3,500. ಮಧ್ಯೆ ಝೋಜಿಲಾ 3,528, ಫೋಟುಲಾ 4,108 ಹಗಲಲ್ಲಿ ದಾಟಿ ಕೆಳಗೆ ಇಳಿಯುತ್ತೀರಿ. ಕಾರ್ಗಿಲ್‌ನಿಂದ ಲೇಹ್‌ಗೂ 800 ಮೀಟರ್ ಜಿಗಿತ ಇದೆ. ಅದಕ್ಕೇ ಲೇಹ್‌ನಲ್ಲಿ ಎರಡು ದಿನ ಏನೂ ಮಾಡದೆ ಇರಬೇಕು. ಲೇಹ್‌ನಿಂದ ಮೇಲಿರುವ ಖಾರ್ದುಂಗ್‌ಲಾ ಪಾಸ್ ಮೂರನೇ ದಿನದ ಮೇಲೆ. ಹುಡುಗರು ಕೇಳಲ್ಲ, ಗಾಡಿ ಕೀ ಕಿತ್ತಿಟ್ಟುಕೊಳ್ಳಿ.

16 ದಿನಕ್ಕೆ ಇದು ಆಗಲ್ಲ. ಇಲ್ಲಿಂದ ಶ್ರೀನಗರ 3,000 ಕಿ.ಮೀ. ಹತ್ತಿರ. ರಜೆ ಕಮ್ಮಿ ಇರುವವರು ರೈಲಲ್ಲಿ ಜಮ್ಮುವಿಗೆ ಬರಲಿ. ಗಾಡಿಗಳನ್ನು ಓಡಿಸುವವರು ಮಾತ್ರ ಮುಂಚೆ ಹೊರಡಲಿ.

ಕಾರ್ಬುರೇಟರ್ ಕಾಕಾ (ಚಿತ್ರದುರ್ಗ):

ಜೀಪಿನ ವಿಷಯಕ್ಕೆ ಬರುತ್ತೇನೆ. ಸರ್ಚುನಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ್ರಾ? ತುದಿ ಯಾವ ಬಣ್ಣ ಇತ್ತು?

ಹಳೇಜೀಪು:

ನೋಡಿದೆ ಕಾಕಾ. ನಾಲ್ಕೂ ಕಪ್ಪು. ಬೆರಳು ಹಾಕಿದರೆ ಒಲೆ ಮಸಿ ಹತ್ತಿದ ಹಾಗೆ ಒಣ ಪುಡಿ. ಬೆಳಿಗ್ಗೆ ಚೋಕ್ ಎಳೆದ ಮೇಲೆ ಬಿಚ್ಚಿದಾಗ ಮಾತ್ರ ಒದ್ದೆ ಇತ್ತು, ಪೆಟ್ರೋಲ್ ವಾಸನೆ.

ಕಾರ್ಬುರೇಟರ್ ಕಾಕಾ:

ಹಂಗಾದರೆ ಇಂಜಿನ್ ಚೆನ್ನಾಗೇ ಇದೆ, ಬಿಚ್ಚಿಸಬೇಡಿ. ಜಿಡ್ಡು ಜಿಡ್ಡು ಕಪ್ಪು ಇದ್ದಿದ್ದರೆ ಆಯಿಲ್ ಸುಡುತ್ತಿದೆ ಅಂತ. ಒಣ ಮಸಿ ಅಂದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ.

ಬರಲಾಚ ಸುಮಾರು 4,900 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಹೊಸ ಗಾಡಿಯಲ್ಲಿ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಮ್ಮಿ ಬಿಡುತ್ತದೆ. ನಮ್ಮ ಕಾರ್ಬುರೇಟರ್‌ಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಪೆಟ್ರೋಲ್ ಬಿಡುವ ಜೆಟ್‌ನ ತೂತು ಅಷ್ಟೇ ಇರುತ್ತದೆ. ಗಾಳಿ ತೆಳ್ಳಗಾದರೂ ಅದು ದಾವಣಗೆರೆ ಲೆಕ್ಕದಲ್ಲೇ ಸುರಿಯುತ್ತದೆ. ಅದರ ಮೇಲೆ ನೀವು ಗಾಳಿ ಇನ್ನೂ ತಡೆಯುವ ಚೋಕ್ ಬೇರೆ ಎಳೆದಿದ್ದೀರಿ. ಮುಳುಗುವವನಿಗೆ ನೀರು ಕುಡಿಸಿದ ಹಾಗಾಯಿತು.

ಈಗ ಇರುವ ಮೇನ್ ಜೆಟ್‌ನ ನಂಬರ್ ನೋಡಿ, ಅದಕ್ಕಿಂತ ಒಂದು ಸೈಜ್ ಮತ್ತು ಎರಡು ಸೈಜ್ ಚಿಕ್ಕದು ತಗೊಳ್ಳಿ. ಇಲ್ಲಿಂದ ಹಳೇ ಜೆಟ್‌ನಲ್ಲೇ ಹೋಗಿ. ಕಾರ್ಗಿಲ್ ಅಥವಾ ಲೇಹ್‌ನಲ್ಲಿ ಬದಲಾಯಿಸಿ, ಐಡಲ್ ಸ್ಕ್ರೂ ಕೂಡ ಸ್ವಲ್ಪ ತಿದ್ದಿ. ಕೆಲಸ ಅರ್ಧ ಗಂಟೆಯದು. ಆದರೆ ಗಾಳಿ ಇಲ್ಲದ ಕಡೆ ಮೊದಲ ಸಲ ಬಿಚ್ಚಬೇಡಿ. ಮನೆ ಮುಂದೆ ಎರಡು ಸಲ ಬಿಚ್ಚಿ ಹಾಕಿ ಕೈ ಪಳಗಿಸಿಕೊಳ್ಳಿ. ಜೆಟ್ ಕೆಳಗೆ ಬಿದ್ದರೆ ಮರಳಲ್ಲಿ ಸಿಗಲ್ಲ, ಕೆಳಗೊಂದು ಬಿಳಿ ಪಂಚೆ ಹಾಸಿ.

ಏರ್ ಫಿಲ್ಟರ್ ತೆಗೆದು ಓಡಿಸು ಅಂತ ದಾರಿಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಲೇಹ್-ಮನಾಲಿ ದಾರಿಯ ಮೋರೆ ಪ್ಲೇನ್ಸ್ ಬಯಲಿನ ಧೂಳು ಇಂಜಿನ್ ಒಳಗೆ ಹೋದರೆ ಊರಿಗೆ ಲಾರಿ ಮೇಲೆ ಬರುತ್ತೀರಿ.

ಬೆಳಿಗ್ಗೆ ಸ್ಟಾರ್ಟ್ ಆಗದೆ ಪೆಟ್ರೋಲ್ ವಾಸನೆ ಬಂದರೆ ಚೋಕ್ ಪೂರ್ತಿ ಒಳಗೆ. ಆಕ್ಸಲರೇಟರ್ ಒಂದೇ ಸಲ ಪೂರ್ತಿ ತುಳಿದು ಹಾಗೇ ಹಿಡಿದು ಸೆಲ್ಫ್ ಹೊಡೆಯಿರಿ. ಪದೇ ಪದೇ ತುಳಿಯಬಾರದು. ಐದು ಸೆಕೆಂಡ್ ಹೊಡೆದು ಅರ್ಧ ನಿಮಿಷ ಬಿಡಿ. ಜತೆಗೆ ಒಂದು ಸೆಟ್ ಹೊಸ ಪ್ಲಗ್ ಇರಲಿ. ಹತ್ತುವಾಗ ಸುಮ್ನೆ ಮಿಸ್ಸಿಂಗ್ ಹೊಡೆದು ನಿಂತರೆ ಮಾತ್ರ ಬೇರೆ ಕಾಯಿಲೆ. ಎತ್ತರದಲ್ಲಿ ಪೆಟ್ರೋಲ್ ಬೇಗ ಆವಿಯಾಗಿ ಪಂಪಿನಲ್ಲಿ ಗಾಳಿ ಕಟ್ಟುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಿರಿ.

ರೇಡಿಯೇಟರ್‌ಗೆ ಬೋರ್ ನೀರು ಹಾಕಿದ್ದರೆ ಇವತ್ತೇ ಚೆಲ್ಲಿ. ಕೂಲಂಟ್ ಅರ್ಧ, ಶುದ್ಧ ನೀರು ಅರ್ಧ. ಬರೀ ನೀರು ರಾತ್ರಿ ಹೆಪ್ಪುಗಟ್ಟಿ ಇಂಜಿನ್ ಬ್ಲಾಕ್ ಸೀಳುತ್ತದೆ.

ಏಳುಸುತ್ತು (ಚಿತ್ರದುರ್ಗ):

ಟೈರ್ ನನ್ನ ಪಾಲಿಗೆ ಬಿಡಿ. ಪಂಕ್ಚರ್ ಇಲ್ಲ, ಮೀಟರ್ ಕೆಟ್ಟಿಲ್ಲ. ಗೆಳೆಯರ ಕೈ ಸುಮ್ಮನಿರಲಿಲ್ಲ, ಅಷ್ಟೇ. ಬರಲಾಚ ಮೇಲೆ ಚಿಪ್ಸ್ ಪ್ಯಾಕೆಟ್ ಉಬ್ಬಿದ್ದು ನೋಡಿರಬೇಕಲ್ಲ? ಇದೂ ಅದೇ ಕಥೆ.

ಮೀಟರ್ ತೋರಿಸುವುದು ಟೈರಿನ ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸ ಮಾತ್ರ. ದಾವಣಗೆರೆಯಲ್ಲಿ ಹೊರಗೆ ಸುಮಾರು 13.7 ಪಿಎಸ್‌ಐ, ಬರಲಾಚದಲ್ಲಿ ಸುಮಾರು 8. ಟೈರ್ ಅಷ್ಟೇ ಬಿಸಿ ಇದ್ದರೆ ಒಂದು ಹನಿ ಗಾಳಿ ತುಂಬದೆಯೂ 33 ಇದ್ದದ್ದು 38 ದಾಟುತ್ತದೆ. ಅಲ್ಲಿ 33ಕ್ಕೆ ಇಳಿಸಿ ಬಯಲಿಗೆ ಬಂದರೆ 27 ಆಗಲೇಬೇಕು. ಲೆಕ್ಕ ಸರಿಯಾಗೇ ಇದೆ ನೋಡಿ. ಬೆಳಗಿನ ಚಳಿಯಲ್ಲಿ ನೋಡಿದ್ದರೆ 34ರ ಆಸುಪಾಸು ತೋರಿಸುತ್ತಿತ್ತು, ಯಾರೂ ಹೆದರುತ್ತಿರಲಿಲ್ಲ. ಮುಟ್ಟಲೇಬೇಕು ಅನಿಸಿದರೆ ಬೆಳಿಗ್ಗೆ ಹೊರಡುವ ಮುಂಚೆ ನೋಡಿ. ಮರಳು, ಸಡಿಲ ಜಲ್ಲಿ ಬಂದಾಗ ಇಳಿಸುವುದು ಬೇರೆ. ಆಗ 22-25ಕ್ಕೆ ಇಳಿಸಿ, ಡಾಂಬರಿಗೆ ಬಂದ ತಕ್ಷಣ ಕಂಪ್ರೆಸರ್‌ನಲ್ಲಿ ತುಂಬಿ.

ಗುಂಪು ಚದುರಿದ್ದಕ್ಕೆ ಒಂದೇ ನಿಯಮ ಸಾಕು. ಹಿಂದಿನ ಗಾಡಿ ಕನ್ನಡಿಯಲ್ಲಿ ಕಾಣದಿದ್ದರೆ ನಿಲ್ಲಬೇಕು. ಮುಂದಿನವರನ್ನು ಅಟ್ಟಿಸಿಕೊಂಡು ಹೋಗುವ ಕೆಲಸ ಯಾರದ್ದೂ ಅಲ್ಲ. ದಾರಿ ಬಲ್ಲವರು ಮೊದಲು, ನಿಮ್ಮ ಜೀಪು ಎರಡನೆಯದು. ಅತಿ ನಿಧಾನದ ಗಾಡಿ ಎರಡನೇ ಜಾಗದಲ್ಲಿ ಇದ್ದರೆ ಎಲ್ಲರ ವೇಗ ತಾನಾಗಿ ಅದಕ್ಕೆ ಹೊಂದುತ್ತದೆ. ಕಂಪ್ರೆಸರ್, ಎಳೆಯುವ ಹಗ್ಗ, ಮೆಕ್ಯಾನಿಕ್ ಕೈ ಇರುವವರು ಕೊನೆಗೆ. ಲಡಾಖ್‌ನಲ್ಲಿ ಹೊರಗಿನ ಪ್ರೀಪೇಡ್ ಸಿಮ್ ನಡೆಯಲ್ಲ, ಗಾಡಿಗೊಂದು ಪೋಸ್ಟ್‌ಪೇಡ್ ಮಾಡಿಸಿ. ಲೈಸೆನ್ಸ್ ಬೇಡದ ವಾಕಿಟಾಕಿ ಸೆಟ್ ಸಿಗುತ್ತವೆ. ಸ್ಯಾಟಲೈಟ್ ಫೋನ್ ಮಾತ್ರ ಯಾರು ಕೊಟ್ಟರೂ ತರಬೇಡಿ, ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಪೊಲೀಸ್ ಕೇಸು.

ನಾಲಾಗಳನ್ನು ಬೆಳಿಗ್ಗೆಯೇ ದಾಟಿ. ಬಿಸಿಲೇರಿದ ಹಾಗೆ ಹಿಮ ಕರಗಿ, ಬೆಳಿಗ್ಗೆ ಹಿಮ್ಮಡಿ ಮುಟ್ಟುವ ನೀರು ಮಧ್ಯಾಹ್ನ ಮೊಣಕಾಲಿಗೆ ಬರುತ್ತದೆ. ಒಂದು ಗಾಡಿ ಆಚೆ ದಡ ಹತ್ತಿದ ಮೇಲೇ ಇನ್ನೊಂದು ಇಳಿಯಬೇಕು. ಲೋ ರೇಂಜ್ (ಜೀಪಿನ ನಿಧಾನದ, ಬಲದ ಗೇರ್ ಹಲ್ಲು), ಮೊದಲ ಗೇರ್, ನೀರೊಳಗೆ ಕ್ಲಚ್ ಮುಟ್ಟಬೇಡಿ.

ಹಳೇಜೀಪು:

ಯಪ್ಪಾ, ಒಂದು ವರ್ಷ ಟ್ಯೂಬ್ ಅಂಗಡಿಯವನನ್ನು ಬೈದುಕೊಂಡು ತಿರುಗಿದೆವು! ಪ್ರಾಕ್ಟೀಸ್‌ಗೆ ಜೋಗಿಮಟ್ಟಿ ಹತ್ತಿಸಿದರೆ ಹೇಗೆ?

ಏಳುಸುತ್ತು:

ಜೋಗಿಮಟ್ಟಿ ವನ್ಯಜೀವಿಧಾಮ. ಅಲ್ಲಿ ಗಾಡಿ ನುಗ್ಗಿಸುವ ಮಾತೇ ಬೇಡ. ಎತ್ತರದ ಅಭ್ಯಾಸವೂ ಆಗಲ್ಲ, ಅದರ ತುದಿಯೇ 1,300 ಮೀಟರ್ ಚಿಲ್ಲರೆ. ಯಾರದಾದರೂ ಸ್ವಂತ ಜಮೀನಲ್ಲಿ ಒಣ ಹಳ್ಳ ಇದ್ದರೆ ಅಲ್ಲಿ ಕಲ್ಲು, ಮರಳು, ಹಗ್ಗ ಕಟ್ಟಿ ಎಳೆಯುವುದು ಕಲಿಯಿರಿ. ಐದೂ ಜನ ಡ್ರೈವರ್‌ಗಳು ಬರಬೇಕು.

ನರ್ಸಮ್ಮ (ಹರಿಹರ):

ಜನರ ಬಗ್ಗೆ ಒಂದು ಮಾತು. ತಲೆನೋವು ಬಂದವರನ್ನು ಇನ್ನೂ ಮೇಲೆ ಕರೆದುಕೊಂಡು ಹೋಗಬೇಡಿ, ಅಲ್ಲೇ ನಿಲ್ಲಿ. ಕೂತಲ್ಲೇ ಏದುಸಿರು, ಕೆಮ್ಮು, ಮಾತು ತೊದಲುವುದು ಕಂಡರೆ ರಾತ್ರಿಯಾದರೂ ಕೆಳಗಿಳಿಸಿ. ಅನುಮಾನ ಬಂದರೆ ನೆಲದ ಮೇಲೆ ಒಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಹೇಳಿ. ಕುಡಿದವರ ಹಾಗೆ ವಾಲಿದರೆ ಬೆಳಗಾಗಲಿ ಅಂತ ಕಾಯಬೇಡಿ. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಅವರಿವರು ಹೇಳಿದರು ಅಂತ ನುಂಗಬಾರದು. ಸಲ್ಫಾ ಅಲರ್ಜಿ ಇದೆಯಾ ಅಂತ ಡಾಕ್ಟರ್ ಕೇಳಬೇಕು. ಬಿಪಿ, ಹೃದಯದ ತೊಂದರೆ ಇರುವವರು ಇಲ್ಲೇ ತೋರಿಸಿಕೊಂಡು ಹೊರಡಲಿ.

ಅಡುಗೆ ಸಾಮಾನು ಒಯ್ಯುವುದಾದರೆ ಕುಕ್ಕರ್ ಬೇಕೇ ಬೇಕು. ಸರ್ಚು ಎತ್ತರದಲ್ಲಿ ನೀರು 86 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲ್ಲ. ನಮ್ಮ ಮಂಡಕ್ಕಿ ಒಂದು ಚೀಲ ಹಾಕಿಕೊಳ್ಳಿ. ಬೇಯಿಸುವ ಗೋಜೇ ಇಲ್ಲ.

ಹಳೇಜೀಪು:

ನರ್ಸಕ್ಕಾ, ಮಂಡಕ್ಕಿ ಮರೆತರೆ ನಮ್ಮವರು ಹೊರಡುವುದೇ ಇಲ್ಲ. ನಿನ್ನೆ ರಾತ್ರಿ ಎಲ್ಲರೂ ಕೂತು ಮಾತಾಡಿದೆವು. ಆಗಸ್ಟ್ ಕೊನೆಗೆ ಹೊರಟು ಸೆಪ್ಟೆಂಬರ್ ಮೊದಲ ವಾರ ಲೇಹ್. ಗಾಡಿಗೆ ಒಟ್ಟು 23 ದಿನ. ಆರು ಜನ ರೈಲಲ್ಲಿ ಜಮ್ಮುವಿಗೆ. ಒಬ್ಬನಿಗೆ ಇನ್ನೂ ಮನಾಲಿ ಕಡೆಯಿಂದಲೇ ಹತ್ತಬೇಕಂತೆ. ಅವನಿಗೆ ಹೋದ ವರ್ಷದ ವಾಂತಿಯ ವಿಡಿಯೋ ತೋರಿಸಿದೆವು, ಸುಮ್ಮನಾದ.

ಎರಡು ಸಂಶಯ ಉಳಿದಿವೆ. ನನ್ನ ಜೀಪಿಗೆ 15 ವರ್ಷ ದಾಟಿದೆ, ನೋಂದಣಿ ರಿನ್ಯೂವಲ್ ಆಗಿದೆ. ದೆಹಲಿ ಕಡೆ ತಕರಾರು ಅಂತಾರಲ್ಲ? ಮತ್ತೆ ಪೆಟ್ರೋಲ್ ಎಷ್ಟು ಒಯ್ಯಬೇಕು?

ಮಾರಿಕಣಿವೆ:

ದೆಹಲಿ ಭಾಗದಲ್ಲಿ ಹಳೇ ಗಾಡಿಗಳ ನಿಯಮ ಆಗಾಗ ಬದಲಾಗುತ್ತಿದೆ. ಆ ತಲೆನೋವೇ ಬೇಡ. ಎನ್‌ಎಚ್ 48ರಲ್ಲಿ ಜೈಪುರದವರೆಗೆ ಹೋಗಿ, ಅಲ್ಲಿಂದ ಸೀಕರ್, ಹಿಸಾರ್ ಮೇಲೆ ಪಂಜಾಬಿಗೆ ಹೊರಳಿ.

ಪೆಟ್ರೋಲ್‌ಗೆ ಒಂದು ಲೆಕ್ಕ. ಮನಾಲಿ-ಲೇಹ್ ದಾರಿಯ ಟಾಂಡಿ ಬಂಕಿನ ಹತ್ತಿರ ಮುಂದಿನ ಬಂಕ್ 365 ಕಿ.ಮೀ. ಅಂತ ಬರೆದ ಬೋರ್ಡು ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಜಾಗ. ನೀವು ಉಲ್ಟಾ ಬರುತ್ತೀರಿ, ಆದರೂ ಅದೇ ಲೆಕ್ಕ ಹಿಡಿಯಿರಿ. ಏರಿನಲ್ಲಿ ಜೀಪು ಲೀಟರಿಗೆ 7 ಕಿ.ಮೀ. ಕೊಟ್ಟರೆ 52 ಲೀಟರ್ ಬೇಕು. ಟ್ಯಾಂಕಿಗೆ 40 ಹಿಡಿದರೆ, ಮೇಲೆ 20 ಲೀಟರಿನ ಕಬ್ಬಿಣದ ಕ್ಯಾನ್ ಒಂದು. ಕ್ಯಾನ್ ಕಂಠಪೂರ್ತಿ ತುಂಬಿಸಬೇಡಿ. ಎತ್ತರದಲ್ಲಿ ಮುಚ್ಚಳ ತೆಗೆಯುವಾಗ ಬುಸ್ ಅಂತ ಚಿಮ್ಮುತ್ತದೆ, ನಿಧಾನ ತಿರುಗಿಸಿ. ಹತ್ತಿರ ಬೀಡಿ ಸೇದುವವರನ್ನು ದೂರ ಕಳಿಸಿ.

ಹಳೇಜೀಪು:

ಆಯ್ತು ಅಣ್ಣಾ. ಕಾಕಾ, ಜೆಟ್ ಸಿಕ್ಕಿತು. ಪಿ.ಬಿ. ರೋಡ್ ಹತ್ತಿರ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ, ತುಕ್ಕು ಹಿಡಿದ ಡಬ್ಬಿ ತುಂಬಾ ಇದ್ದವು. ಎರಡೂ ಸೈಜ್ ತಗೊಂಡೆ. ಭಾನುವಾರ ಮನೆ ಮುಂದೆ ಪಂಚೆ ಹಾಸಿ ಹಾಕಿ ನೋಡಿದೆ. ಮೊದಲ ಸಲ ಐವತ್ತು ನಿಮಿಷ, ಎರಡನೇ ಸಲ ಮೂವತ್ತು. ಚಿಕ್ಕ ಜೆಟ್‌ನಲ್ಲಿ ಇಲ್ಲೇ ಒಂದು ಸುತ್ತು ಹೊಡೆದೆ, ಏರಿನಲ್ಲಿ ಸ್ವಲ್ಪ ಕುಕ್ಕುತ್ತದೆ.

ಕಾರ್ಬುರೇಟರ್ ಕಾಕಾ:

ಇಲ್ಲಿ ಕುಕ್ಕಲೇಬೇಕು, ಅದು ಸರಿ ಇದೆ ಅಂತಲೇ ಅರ್ಥ. ಆದರೆ ಇನ್ನು ಅದರಲ್ಲಿ ಇಲ್ಲಿ ಓಡಿಸಬೇಡಿ. ಬಯಲಲ್ಲಿ ಪೆಟ್ರೋಲ್ ಕಮ್ಮಿಯಾಗಿ ಇಂಜಿನ್ ಕಾಯುತ್ತದೆ, ಪಿಸ್ಟನ್ ಸುಡುತ್ತದೆ. ಹಳೇ ಜೆಟ್ ಒಂದು ಮಾತ್ರೆ ಡಬ್ಬಿಗೆ ಹಾಕಿ, ಮೇಲೆ ‘ಮನಾಲಿಯಲ್ಲಿ ವಾಪಸ್ ಹಾಕು’ ಅಂತ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ನಿಮಗೆ ಕಾಣುವ ಕಡೆ ಅಲ್ಲ, ಪಕ್ಕದಲ್ಲಿ ಕೂರುವವರಿಗೆ ಕಾಣುವ ಕಡೆ.