ಪದಚರ್ಚೆ: ಇವಾನ್ ಫ್ರಾಂಕೊ ಲೇಖನಕ್ಕೆ ‘ನವ್ಯ’ವೋ ‘ಆಧುನಿಕತಾವಾದ’ವೋ?

ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ. ಉಕ್ರೇನಿನ ವಾಸ್ತವವಾದಿ ಲೇಖಕ ಇವಾನ್ ಫ್ರಾಂಕೊ (1856–1916) ಕುರಿತ ಲೇಖನದ ಅನುವಾದ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಬೊರಿಸ್ಲಾವ್ ಎಣ್ಣೆಬಾವಿಗಳ ಕೂಲಿಕಾರರ ಬದುಕು ಬರೆದವನು 1896ರ ‘ಬಾಡಿದ ಎಲೆಗಳು’ ಸಂಕಲನದಿಂದ 1905ರ ‘ಸೊಯ್ಕದ ರೆಕ್ಕೆ’ ಕತೆಯವರೆಗೆ ಬೇರೆ ದಾರಿ ಹಿಡಿದ ಎಂಬುದು ಲೇಖನದ ವಾದ. ಮೂಲ ಇದನ್ನು ‘ಮಾಡರ್ನಿಸಂ’ ಎಂಬ ಸಾಹಿತ್ಯ ಚಳವಳಿಯ ಮೊದಲ ಹಂತ ಎನ್ನುತ್ತದೆ; ಅದಕ್ಕೆ ಕನ್ನಡ ಪದ ಬೇಕು. ಸದ್ಯದ ಶೀರ್ಷಿಕೆ: ‘ಫ್ರಾಂಕೊನ ಕೊನೆಗಾಲದ ಕೃತಿಗಳಲ್ಲಿ ಪೂರ್ವ ಆಧುನಿಕ ಲಕ್ಷಣಗಳು’. ಇದು ನಿಲ್ಲುತ್ತದೆಯೇ?

ಉತ್ತರ 1

ನಿಲ್ಲುವುದಿಲ್ಲ. ‘ಪೂರ್ವ ಆಧುನಿಕ’ ಎಂದರೆ ಆಧುನಿಕ ಕಾಲಕ್ಕಿಂತ ಹಿಂದಿನದು. ‘ಆದಿ ಆಧುನಿಕ’ವೂ ಬೇಡ, ಇತಿಹಾಸದವರು ಅದನ್ನು 16–18ನೇ ಶತಮಾನಕ್ಕೆ ಕೊಟ್ಟಾಗಿದೆ. ‘ನವ್ಯ’ ಎಂದು ಬರೆಯಿರಿ. ಹೊಸ ಉಕ್ರೇನಿ ಸಾಹಿತ್ಯವನ್ನು ಕುರಿತ ಫ್ರಾಂಕೊನ 1904ರ ಪ್ರಬಂಧದ ಹೆಸರು ಶುರುವಾಗುವುದೇ ‘ಸ್ತಾರೆ ಯ್ ನೊವೆ’ ಎಂದು: ಹಳತು, ಹೊಸತು. ಆ ‘ನೊವೆ’ಯೂ ನಮ್ಮ ‘ನವ’ವೂ ಒಂದೇ ಬೇರಿನವು. ಲೇಖಕನೇ ಬಳಸಿದ ಪದದ ದಾಯಾದಿ ಕನ್ನಡದಲ್ಲಿ ಇರುವಾಗ ಬೇರೆಡೆ ಹುಡುಕುವುದೇಕೆ?

ಉತ್ತರ 2

ಬೇರು ಒಂದಾದ ಮಾತ್ರಕ್ಕೆ ಅರ್ಥ ಒಂದಾಗದು, ಸರ್. ಕನ್ನಡದಲ್ಲಿ ‘ನವ್ಯ’ ಈಗ ಬರಿಯ ವಿಶೇಷಣವಾಗಿ ಉಳಿದಿಲ್ಲ, ಒಂದು ಕಾಲಘಟ್ಟದ ಹೆಸರಾಗಿದೆ. ಗೋಪಾಲಕೃಷ್ಣ ಅಡಿಗರ 1954ರ ಕವನಸಂಕಲನ ‘ಚಂಡೆಮದ್ದಳೆ’, ನವೋದಯದೊಡನೆ ಜಗಳ, ಇಷ್ಟೂ ಅದರ ಬೆನ್ನಿಗೆ ಬರುತ್ತವೆ. ನಮ್ಮ ನವ್ಯರು ಹಿರಿಯರಿಗೆ ಎದುರು ನಿಂತ ಕಿರಿಯರು. ಫ್ರಾಂಕೊ ತಾನೇ ಹಿರಿಯ. 1904ರ ಆ ಪ್ರಬಂಧದಲ್ಲಿ ಆತ ಕಿರಿಯರ ಬರವಣಿಗೆಯನ್ನು ವಿವರಿಸುತ್ತಾನೆ: ಅವರು ಪಾತ್ರದ ಜೀವದೊಳಗೆ ಕೂತು, ಅದನ್ನೇ ಮಾಯಾದೀಪದಂತೆ ಹಿಡಿದು ಸುತ್ತಲನ್ನು ಬೆಳಗುತ್ತಾರೆ ಎಂದು. ಮರುವರ್ಷವೇ ‘ಸೊಯ್ಕದ ರೆಕ್ಕೆ’ಯಲ್ಲಿ ಆ ಕ್ರಮ ಅವನದೇ ಆಗಿದೆ. ವರ್ಷದ ಕೊನೆಯ ರಾತ್ರಿ ಒಂಟಿಯೊಬ್ಬನಿಗೆ ಹಳೆಯ ಪ್ರೇಯಸಿಯ ಕಾಗದ ಬರುತ್ತದೆ, ಜೊತೆಗೆ ಒಂದು ಹಕ್ಕಿಯ ರೆಕ್ಕೆ. ಅವನು ಓದುತ್ತಾನೆ, ನಿಲ್ಲಿಸುತ್ತಾನೆ, ರೇಗುತ್ತಾನೆ, ಮತ್ತೆ ಓದುತ್ತಾನೆ. ಎರಡು ‘ನಾನು’ಗಳು ಒಂದರ ಮಾತನ್ನೊಂದು ಕತ್ತರಿಸುತ್ತ ಹೋಗುವುದೇ ಕತೆ. ಇದಕ್ಕೆ ‘ನವ್ಯ’ ಎಂದರೆ ಓದುಗ ಅಡಿಗರ ಕಡೆ ಹೊರಳುತ್ತಾನೆ.

‘ಆಧುನಿಕತಾವಾದ’ ಸರಿ. ‘ಆಧುನಿಕ’ ಸಾಲದು: ಬೊರಿಸ್ಲಾವ್ ಕತೆಗಳೂ ಆಧುನಿಕವೇ. ‘ಆರಂಭಿಕ ಆಧುನಿಕತಾವಾದಿ ಲಕ್ಷಣಗಳು’ ಎಂದರೆ ‘ಆರಂಭಿಕ’ ಲಕ್ಷಣಗಳಿಗೂ ಅಂಟಬಹುದು. ‘ಮೊದಲ ಹಂತದ ಆಧುನಿಕತಾವಾದದ ಲಕ್ಷಣಗಳು’ ಎಂದು ಷಷ್ಠಿಯಲ್ಲಿ ಕಟ್ಟಿ.

ಉತ್ತರ 3

‘ಆಧುನಿಕತಾವಾದದ’. ಎಂಟು ಅಕ್ಷರ, ಒಂದೂ ಕನ್ನಡವಲ್ಲ. ‘ಹೊಸಕಾಣ್ಕೆ’ ಎನ್ನಿ. ಕಾಣುವ ಬಗೆ ಬದಲಾಯಿತು ಎಂಬುದೇ ನಿಮ್ಮ ಲೇಖನದ ಹುರುಳಲ್ಲವೇ? ಕನ್ನಡದಲ್ಲಿ ಹೇಳಬರುವುದನ್ನು ಸಂಸ್ಕೃತದ ಕಡ ತಂದು ಹೇಳುವ ಚಾಳಿ ನಿಲ್ಲಲಿ.

ಉತ್ತರ 2

‘ಹೊಸಕಾಣ್ಕೆ’ ಚೆಲುವಾದ ಪದ, ಆದರೆ ಯಾವ ಚಳವಳಿಯ ಹೆಸರೂ ಅಲ್ಲ. ಉಕ್ರೇನಿಯರೂ ‘ಮೊಡೆರ್ನಿಜ್ಮ್’ ಎಂದು ಕಡ ತಂದೇ ಬಳಸುತ್ತಾರೆ. ಅದರ ಲ್ಯಾಟಿನ್ ಬೇರು ‘ಮೊದೊ’, ‘ಇದೀಗ’ ಎಂದರ್ಥ. ‘ಅಧುನಾ’ ಎಂದರೂ ‘ಈಗ’ವೇ. ಇಷ್ಟು ಹತ್ತಿರದ ಜೋಡಿ ಸಿಕ್ಕಿರುವಾಗ ಬಿಡಬಾರದು.

ಉತ್ತರ 3

ಹತ್ತಿರ ಯಾರಿಗೆ? ಲ್ಯಾಟಿನ್ ಬಲ್ಲವರಿಗೆ.

ಉತ್ತರ 4

ಜಗಳ ಆಮೇಲೂ ಆಡಬಹುದು, ಅಚ್ಚು ಕಾಯುವುದಿಲ್ಲ. ಶೀರ್ಷಿಕೆಯ ‘ಕೊನೆಗಾಲದ’ ತೆಗೆಯಿರಿ. 1908ರಲ್ಲಿ ಕಾಯಿಲೆ ಬಿದ್ದು ಫ್ರಾಂಕೊನ ಎರಡೂ ಕೈ ಸ್ವಾಧೀನ ತಪ್ಪಿದವು. ‘ಕೊನೆಗಾಲ’ ಎಂದರೆ ಆ ವರ್ಷಗಳು ಎಂದಾಗುತ್ತದೆ. ನಿಮ್ಮ ಲೇಖನದ್ದು ಅದಕ್ಕೆ ಹಿಂದಿನ ದಶಕ. ‘ಉತ್ತರಾರ್ಧದ ಕೃತಿಗಳು’ ಎನ್ನಿ.

ಒಳಗೆ ಎರಡು ಕಡೆ ಎಚ್ಚರ. ‘ಕಾವ್ಯರಚನೆಯ ಗುಟ್ಟುಗಳಿಂದ’ (1898–99) ಪ್ರಬಂಧದಲ್ಲಿ ಫ್ರಾಂಕೊ ಜರ್ಮನ್ ಮನೋವಿಜ್ಞಾನಿ ಮ್ಯಾಕ್ಸ್ ಡೆಸ್ವಾರ್‌ನನ್ನು ಅನುಸರಿಸಿ ‘ಮೇಲಣ ಪ್ರಜ್ಞೆ’, ‘ಕೆಳಗಣ ಪ್ರಜ್ಞೆ’ ಎನ್ನುತ್ತಾನೆ. ಹಾಗೇ ಇಡಿ. ‘ಸುಪ್ತಪ್ರಜ್ಞೆ’ ಎಂದರೆ ಫ್ರಾಯ್ಡ್ ನುಸುಳುತ್ತಾನೆ. ಅವನ ಕನಸಿನ ಪುಸ್ತಕ ಹೊರಬಂದದ್ದೇ 1899ರ ಕೊನೆಗೆ.

ಇನ್ನೊಂದು ‘ಡೆಕಡೆಂಟ್’. 1896ರಲ್ಲಿ ವಿಮರ್ಶಕ ವಾಸಿಲ್ ಶ್ಚುರಾತ್ ‘ಬಾಡಿದ ಎಲೆಗಳು’ ಸಂಕಲನಕ್ಕೆ ಆ ಹಣೆಪಟ್ಟಿ ಅಂಟಿಸಿದ. ಫ್ರಾಂಕೊ ಪದ್ಯದಲ್ಲೇ ಉತ್ತರಿಸಿದ: ತಾನು ಮೇಲಕ್ಕೇರುತ್ತಿರುವ ಜನರ ಮಗ, ರೈತ, ಮುನ್ನುಡಿಯೇ ಹೊರತು ಹಿನ್ನುಡಿಯಲ್ಲ ಎಂದು. ‘ಡೆಕಡೆಂಟ್’ ಎಂದೇ ಬಿಟ್ಟರೆ ಈ ಉತ್ತರದ ಮೊನೆ ಕನ್ನಡ ಓದುಗನಿಗೆ ತಾಗುವುದಿಲ್ಲ. ‘ಅವನತಿಯ ಕವಿ’ ಎಂದಿಟ್ಟರೆ ಕೆಳಕ್ಕಿಳಿಯುವುದು, ಮೇಲಕ್ಕೇರುವುದು ಎದುರುಬದುರು ನಿಲ್ಲುತ್ತವೆ. ಕಡದ ಪದ ಕೆಲಸ ಕೆಡಿಸುವುದು ಇಂಥಲ್ಲಿ. ಉತ್ತರ 3ರವರು ಇದನ್ನು ಹಿಡಿದಿದ್ದರೆ ನಾನು ಅವರ ಪಕ್ಷ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ‘ಫ್ರಾಂಕೊನ ಉತ್ತರಾರ್ಧದ ಕೃತಿಗಳಲ್ಲಿ ಮೊದಲ ಹಂತದ ಆಧುನಿಕತಾವಾದದ ಲಕ್ಷಣಗಳು’ ಎಂದು ಕಳಿಸುತ್ತಿದ್ದೇನೆ. ‘ಸೊಯ್ಕ’ಕ್ಕೆ ‘ನೀಲಕಂಠ’ ಎನ್ನಬಹುದೇ? ನಿಘಂಟಿನಲ್ಲಿ ‘ಜೇ’ ಎಂದಿದೆ.

ಉತ್ತರ 4

ಬೇಡ. ನಮ್ಮ ನೀಲಕಂಠವನ್ನು ಇಂಗ್ಲಿಷರು ‘ಬ್ಲೂ ಜೇ’ ಎಂದು ಕರೆದದ್ದರಿಂದ ಬಂದ ಗೊಂದಲ ಅದು. ಸೊಯ್ಕ ಕಾಗೆಯ ಕುಲದ್ದು: ಮೈ ಕಂದು, ರೆಕ್ಕೆಯಲ್ಲಿ ಮಾತ್ರ ನೀಲಿ-ಕಪ್ಪು ಪಟ್ಟೆ. ‘ಸೊಯ್ಕ’ ಎಂದೇ ಇಟ್ಟು, ಮೊದಲ ಸಲ ಬಂದಾಗ ‘ಕಾಗೆಯ ಕುಲದ, ನೀಲಿ ಪಟ್ಟೆ ರೆಕ್ಕೆಯ ಕಾಡುಹಕ್ಕಿ’ ಎಂದು ವಾಕ್ಯದೊಳಗೇ ಸೇರಿಸಿ.