ಪದಚರ್ಚೆ: ‘ಪೋಸ್ಟ್ ಕ್ಯಾಪ್ಟನ್’ ಮತ್ತು ‘ಹಾಫ್ ಪೇ’ ಇವುಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಮಾನ್ಯರೇ,

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ನೌಕಾಧಿಕಾರಿಗಳ ವೃತ್ತಿಜೀವನವನ್ನು ಕುರಿತ ಒಂದು ಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅವು ಅಚ್ಚಿಗೆ ಹೋಗಬೇಕು. ಪ್ರೋವೋ ವಾಲಿಸ್ ಅವರ ಫಲಕದಲ್ಲಿ ಕೆಲಸ ನಿಂತಿದೆ. ಅವರು 1813ರಲ್ಲಿ ‘ಕಮಾಂಡರ್’, 1819ರಲ್ಲಿ ‘ಪೋಸ್ಟ್ ಕ್ಯಾಪ್ಟನ್’, ನಡುನಡುವೆ ‘ಹಾಫ್ ಪೇ’, 1851ರಲ್ಲಿ ‘ರಿಯರ್ ಅಡ್ಮಿರಲ್’. ಪೋಸ್ಟ್ ಎಂಬಲ್ಲಿ ‘ಹುದ್ದೆ’ ಎಂದು ಹಾಕಿದರೆ ಅರ್ಥವೇ ಹೊರಡುವುದಿಲ್ಲ. ‘ಅರ್ಧವೇತನ ರಜೆ’ ಎಂದರೆ ನಮ್ಮ ಕಚೇರಿಗಳ ರಜೆಯಾಗಿಬಿಡುತ್ತದೆ. ತಿಳಿದವರು ದಯವಿಟ್ಟು ಬೇಗ ತಿಳಿಸಬೇಕು.

ಮೊದಲ ಉತ್ತರ

ಮೂಲವನ್ನು ಹಿಡಿದರೆ ದಾರಿ ಕಾಣುತ್ತದೆ. ‘ಅಡ್ಮಿರಲ್’ ಹುಟ್ಟಿದ್ದು ಅರಬ್ಬಿಯ ‘ಅಮೀರ್’ ಎಂಬುದರಿಂದ. ಕೊನೆಯಲ್ಲಿರುವ ‘ಅಲ್’ ಅದಕ್ಕೆ ಅಂಟಿಕೊಂಡು ಬಂದ, ಇಂಗ್ಲಿಷಿನ ‘ದಿ’ಯಂಥ ಅರಬ್ಬಿ ಉಪಪದ. ನಮ್ಮ ‘ಅಮಲ್ದಾರ’ನೂ ಅದೇ ಮನೆಯವನು. ಹೀಗೆ ಕೈಯಿಂದ ಕೈಗೆ ಸಾಗಿ ಬಂದ ಪದಗಳನ್ನು ಇನ್ನೊಮ್ಮೆ ಸಾಲ ತರುವುದಕ್ಕಿಂತ ನಮ್ಮವನ್ನೇ ಕಟ್ಟಿಕೊಳ್ಳುವುದು ಮೇಲು. ನೌಕೆ ಎಂಬುದು ಸಂಸ್ಕೃತದ್ದು. ಹಡಗು ಇರುವಾಗ ಅದೇಕೆ? ಕ್ಯಾಪ್ಟನ್ ‘ಹಡಗೊಡೆಯ’, ಅಡ್ಮಿರಲ್ ‘ಕಡಲಪಡೆಯೊಡೆಯ’, ಹಾಫ್ ಪೇ ‘ಅರೆಸಂಬಳ’. ಪೋಸ್ಟ್ ಎಂಬುದನ್ನು ಕೈಬಿಡಿ, ಓದುಗರಿಗೆ ಅದು ಬೇಕಿಲ್ಲ.

ಎರಡನೆಯ ಉತ್ತರ

ಮೇಲಿನ ಉತ್ತರದಲ್ಲಿ ಒಪ್ಪಬಹುದಾದದ್ದು ಅಮೀರನ ಸಂಗತಿಯೊಂದೇ. ಅಮಲ್ದಾರನಿಗೂ ಅಮೀರನಿಗೂ ನಂಟಿಲ್ಲ. ಅವನು ಅಮಲಿನಿಂದ, ಅಂದರೆ ಅಧಿಕಾರ ಚಲಾವಣೆಯಿಂದ, ಹುಟ್ಟಿದವನು. ‘ಹಡಗೊಡೆಯ’ ಎಂದರೆ ಕನ್ನಡಿಗರು ಹಡಗಿನ ಮಾಲೀಕನನ್ನು ತಿಳಿಯುತ್ತಾರೆ, ಸರ್ಕಾರದ ಹಡಗನ್ನು ನಡೆಸುವ ಅಧಿಕಾರಿಯನ್ನಲ್ಲ. ಇನ್ನು ‘ಸಂಬಳ’ ಸಂಸ್ಕೃತದ ‘ಶಂಬಲ’ದಿಂದ ಬಂದದ್ದು, ಅದನ್ನು ಒಳಗೆ ಬಿಟ್ಟುಕೊಂಡವರು ನೌಕೆಯನ್ನು ಹೊರಗೆ ನಿಲ್ಲಿಸಲು ಕಾರಣ ಕೊಡಬೇಕು.

‘ಪೋಸ್ಟ್’ ಓದುಗರಿಗೆ ಬೇಕಿಲ್ಲ ಎಂಬ ಮಾತನ್ನು ಮಾತ್ರ ನಾನು ಬಲವಾಗಿ ವಿರೋಧಿಸುತ್ತೇನೆ, ಏಕೆಂದರೆ ಆ ಕಾಲದ ನೌಕಾಧಿಕಾರಿಯ ಇಡೀ ಬಾಳು ಆ ಒಂದು ಶಬ್ದದ ಮೇಲೆ ನಿಂತಿತ್ತು. ಚಿಕ್ಕ ಹಡಗನ್ನು ನಡೆಸುವ ಲೆಫ್ಟಿನೆಂಟನನ್ನೂ ಹಡಗಿನವರು ಮರ್ಯಾದೆಗಾಗಿ ‘ಕ್ಯಾಪ್ಟನ್’ ಎಂದೇ ಕರೆಯುತ್ತಿದ್ದರು. ಆದರೆ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಫಿರಂಗಿಗಳುಳ್ಳ, ಕ್ಯಾಪ್ಟನ್ ಪದವಿಯವನೇ ಬೇಕಾದ ಹಡಗಿಗೆ ನೇಮಕಗೊಂಡವನು ಮಾತ್ರ ‘ಪೋಸ್ಟ್’ ಆದವನು. ಆ ದಿನಾಂಕದಿಂದ ಅವನ ಹೆಸರು ಕ್ಯಾಪ್ಟನ್ನರ ಜ್ಯೇಷ್ಠತಾ ಪಟ್ಟಿಯಲ್ಲಿ ಒಂದು ಸ್ಥಾನ ಪಡೆಯುತ್ತಿತ್ತು, ಮತ್ತು ಅವನ ಕೆಳಗಿನವನು ಎಷ್ಟೇ ಶೂರನಾಗಿದ್ದರೂ, ಎಷ್ಟೇ ದೊಡ್ಡವರ ಮನೆಯವನಾಗಿದ್ದರೂ ಅವನನ್ನು ದಾಟುವಂತಿರಲಿಲ್ಲ. ಲೆಫ್ಟಿನೆಂಟ್ ಆಗುವುದಕ್ಕೆ ಆರು ವರ್ಷದ ಸಮುದ್ರಸೇವೆ ಮತ್ತು ಪರೀಕ್ಷೆ ಬೇಕಿತ್ತು. ಅಲ್ಲಿಂದ ಪೋಸ್ಟ್ ಆಗುವವರೆಗೆ ಪರಾಕ್ರಮವೋ ವಶೀಲಿಯೋ ನೆರವಾಗುತ್ತಿತ್ತು. ಭೂಸೇನೆಯಲ್ಲಿ 1871ರವರೆಗೂ ಅಧಿಕಾರಪದವಿಗಳನ್ನು ಹಣ ಕೊಟ್ಟು ಕೊಳ್ಳಬಹುದಾಗಿತ್ತು, ನೌಕಾಪಡೆಯಲ್ಲಿ ಆ ಪದ್ಧತಿ ಇರಲಿಲ್ಲ. ಪೋಸ್ಟ್ ಆದ ಮೇಲೆ ಮೇಲಿನವರು ಸತ್ತಂತೆ ಕೆಳಗಿನವರು ಏರುವುದಷ್ಟೇ ಉಳಿಯುತ್ತಿತ್ತು. ಆದ್ದರಿಂದ ‘1819ರಲ್ಲಿ ಕ್ಯಾಪ್ಟನ್ನರ ಜ್ಯೇಷ್ಠತಾ ಪಟ್ಟಿಗೆ ಸೇರಿದರು’ ಎಂದು ಬರೆಯಿರಿ. ಜ್ಯೇಷ್ಠತಾ ಪಟ್ಟಿ, ಮುಂಬಡ್ತಿ ಎಂಬವು ನಮ್ಮ ಸರ್ಕಾರಿ ಆದೇಶಗಳಲ್ಲಿ ದಿನವೂ ಓಡಾಡುವ ಪದಗಳು, ಅವನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಎರಡನೆಯ ಶಬ್ದವಾದ ‘ಹಾಫ್ ಪೇ’ಗೆ ಬರುತ್ತೇನೆ. ನಾವು ‘ಹುದ್ದೆ’ ಎಂಬ ಒಂದೇ ಪದದಿಂದ ಎರಡು ಬೇರೆ ಸಂಗತಿಗಳನ್ನು ಹೇಳುತ್ತಿದ್ದೇವೆ, ತೊಡಕು ಇರುವುದು ಅಲ್ಲಿ. ವ್ಯಕ್ತಿಗೆ ಅಂಟಿಕೊಂಡಿರುವುದು ಪದವಿ, ಅವನು ಸದ್ಯಕ್ಕೆ ಮಾಡುತ್ತಿರುವ ಕೆಲಸ ಹುದ್ದೆ. ನೆಪೋಲಿಯನ್ನನ ವಿರುದ್ಧದ ಯುದ್ಧ 1815ರಲ್ಲಿ ಮುಗಿದ ಮೇಲೆ, ಒಂದು ಲಕ್ಷ ನಲವತ್ತು ಸಾವಿರದ ಆಸುಪಾಸಿನಲ್ಲಿದ್ದ ನೌಕಾಪಡೆಯ ಸಂಖ್ಯಾಬಲ ಕೆಲವೇ ವರ್ಷಗಳಲ್ಲಿ ಇಪ್ಪತ್ತು ಸಾವಿರದ ಹತ್ತಿರಕ್ಕೆ ಇಳಿಯಿತು. ನಾವಿಕರನ್ನು ಮನೆಗೆ ಕಳುಹಿಸಬಹುದಾಗಿತ್ತು, ಅಧಿಕಾರಿಗಳ ಪದವಿಯನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಅವರು ನಿವೃತ್ತರೂ ಅಲ್ಲ, ರಜೆಯಲ್ಲಿದ್ದವರೂ ಅಲ್ಲ. ಹಡಗಿಲ್ಲದೆ, ಕರೆ ಬರಬಹುದೆಂದು ಕಾಯುತ್ತ ಕುಳಿತವರು. ಅದೇ ಕಾಲದ ನೌಕಾಧಿಕಾರಿ ಫ್ರಾನ್ಸಿಸ್ ಆಸ್ಟಿನ್ ಅವರನ್ನು ನೋಡಿ. 1800ರಲ್ಲಿ ಪೋಸ್ಟ್ ಆದ ಅವರಿಗೆ 1814ರಿಂದ ಸುಮಾರು ಮೂವತ್ತು ವರ್ಷ ಸಮುದ್ರದ ಹುದ್ದೆಯೇ ಸಿಗಲಿಲ್ಲ. ಅಷ್ಟರಲ್ಲಿ ಪಟ್ಟಿ ತನ್ನಷ್ಟಕ್ಕೆ ಸರಿದು, 1830ರಲ್ಲಿ ಅವರು ರಿಯರ್ ಅಡ್ಮಿರಲ್ ಆದರು, 1863ರಲ್ಲಿ ಅತ್ಯುನ್ನತವಾದ ಅಡ್ಮಿರಲ್ ಆಫ್ ದಿ ಫ್ಲೀಟ್ ಪದವಿಗೇರಿದರು. ಪದವಿ ಏರುತ್ತಿದೆ, ಹುದ್ದೆ ಇಲ್ಲ. ‘ಹುದ್ದೆಯಿಲ್ಲದೆ ಅರ್ಧವೇತನದಲ್ಲಿದ್ದರು’ ಎಂದರೆ ಸಾಕು, ‘ರಜೆ’ ಬೇಡ. ‘ದರ್ಜೆ’ಯನ್ನೂ ವ್ಯಕ್ತಿಗಳಿಗೆ ಬಳಸಬೇಡಿ, ಹಡಗುಗಳನ್ನೇ ಫಿರಂಗಿಗಳ ಲೆಕ್ಕದಲ್ಲಿ ಆರು ದರ್ಜೆಗಳಾಗಿ ವಿಂಗಡಿಸಿದ್ದರು, ಆ ಪದ ಅಲ್ಲಿ ಬೇಕಾಗುತ್ತದೆ.

ಮೊದಲ ಉತ್ತರದವರು ಮತ್ತೆ

ಜ್ಯೇಷ್ಠತೆ, ಪದವಿ, ವೇತನ: ಮೂರೂ ಸಂಸ್ಕೃತ. ಮೇಲೆ ಕ್ಯಾಪ್ಟನ್, ಕಮಾಂಡರ್. ವಾಕ್ಯದಲ್ಲಿ ಕನ್ನಡಕ್ಕೆ ಉಳಿದದ್ದು ಕ್ರಿಯಾಪದ ಮಾತ್ರ. ನಮ್ಮ ಕರಾವಳಿಯವರು ಹಡಗು ನಡೆಸಿದವರು. ತಂಡೇಲ ಎಂಬ ಮಾತು ಇಂದಿಗೂ ಅಲ್ಲಿ ಬದುಕಿದೆ. ಕನಿಷ್ಠಪಕ್ಷ ‘ಕಪ್ತಾನ’ ಎಂದಾದರೂ ಬರೆಯಬಾರದೇ?

ಎರಡನೆಯ ಉತ್ತರದವರು

ತಂಡೇಲ ಒಳ್ಳೆಯ ಪದ, ಆದರೆ ದೋಣಿಯ ಮುಖ್ಯಸ್ಥನಿಗೆ ಸಲ್ಲುವ ಪದ. ಎಪ್ಪತ್ತನಾಲ್ಕು ಫಿರಂಗಿಗಳ ಯುದ್ಧನೌಕೆಯ ಅಧಿಕಾರಿಗೆ ಅದನ್ನು ಕೊಟ್ಟರೆ ಇಬ್ಬರಿಗೂ ಅನ್ಯಾಯ. ಕಪ್ತಾನನೂ ಪೋರ್ಚುಗೀಸರ ಮೂಲಕ ಬಂದ ಎರವಲೇ. ಹಳೆಯ ಸಾಲ ನಮ್ಮದು, ಹೊಸ ಸಾಲ ಪರರದು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಇಂದಿನ ಭಾರತೀಯ ನೌಕಾಪಡೆಯಲ್ಲೂ ಕಮಾಂಡರ್, ಕ್ಯಾಪ್ಟನ್, ಅಡ್ಮಿರಲ್ ಎಂಬ ಪದವಿನಾಮಗಳೇ ಇವೆ, ಕನ್ನಡ ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಪದವಿನಾಮ ಹಾಗೆಯೇ ಇರಲಿ, ಅದರ ಸುತ್ತಲಿನ ವ್ಯವಸ್ಥೆಯನ್ನು ಕನ್ನಡದಲ್ಲಿ ಹೇಳೋಣ. ಆದರೆ ಇಂದಿನ ಪಟ್ಟಿಯನ್ನು ಕಣ್ಣುಮುಚ್ಚಿ ಹಿಂದಕ್ಕೆ ಒಯ್ಯಬಾರದು: ಸಬ್ ಲೆಫ್ಟಿನೆಂಟ್ ಎಂಬ ಪದವಿನಾಮ ಬ್ರಿಟಿಷ್ ನೌಕಾಪಡೆಯಲ್ಲಿ ಬಂದದ್ದು 1861ರಲ್ಲಿ, ಲೆಫ್ಟಿನೆಂಟ್ ಕಮಾಂಡರ್ ಬಂದದ್ದು 1914ರಲ್ಲಿ. ವಾಲಿಸ್ ಅವರ ಫಲಕದಲ್ಲಿ ಅವೆರಡೂ ಕಾಣಿಸಿಕೊಳ್ಳಬಾರದು.

ಪ್ರಶ್ನೆ ಕೇಳಿದವರು

ಕೃತಜ್ಞತೆಗಳು. ಫಲಕದ ವಾಕ್ಯ ಹೀಗಿದೆ: ‘1813ರಲ್ಲಿ ಶ್ಯಾನನ್ ನೌಕೆಯು ಅಮೆರಿಕದ ಚೆಸಪೀಕ್ ನೌಕೆಯನ್ನು ಸೆರೆಹಿಡಿದಾಗ ಕ್ಯಾಪ್ಟನ್ ಬ್ರೋಕ್ ತೀವ್ರವಾಗಿ ಗಾಯಗೊಂಡುದರಿಂದ, ಲೆಫ್ಟಿನೆಂಟ್ ವಾಲಿಸ್ ಕೆಲವು ದಿನ ಶ್ಯಾನನ್ನಿನ ಅಧಿಪತ್ಯ ವಹಿಸಿ ಅದನ್ನು ಹ್ಯಾಲಿಫ್ಯಾಕ್ಸಿಗೆ ತಲುಪಿಸಿದರು, ಅದೇ ವರ್ಷ ಕಮಾಂಡರ್ ಪದವಿ ಪಡೆದು, 1819ರಲ್ಲಿ ಕ್ಯಾಪ್ಟನ್ನರ ಜ್ಯೇಷ್ಠತಾ ಪಟ್ಟಿಗೆ ಸೇರಿದರು.’ ಕೊನೆಗೆ ‘1892ರಲ್ಲಿ, ನಿವೃತ್ತ ಅಡ್ಮಿರಲ್ ಆಗಿ, ನೂರನೆಯ ವಯಸ್ಸಿನಲ್ಲಿ ತೀರಿಕೊಂಡರು’ ಎಂದು ಬರೆದಿದ್ದೇನೆ. ‘ಯೆಲ್ಲೋ ಅಡ್ಮಿರಲ್’ ಎಂಬುದು ಇನ್ನೊಂದು ಫಲಕದಲ್ಲಿದೆ, ‘ಹಳದಿ ಅಡ್ಮಿರಲ್’ ಎನ್ನಬಹುದೇ?

ಎರಡನೆಯ ಉತ್ತರದವರು

‘ನಿವೃತ್ತ’ವನ್ನು ತೆಗೆಯಲೇಬೇಕು. 1870ರ ಸುಧಾರಣೆ ನಿವೃತ್ತಿಯ ವಯಸ್ಸನ್ನು ಕಡ್ಡಾಯಗೊಳಿಸಿದಾಗ, ಫ್ರಾನ್ಸಿನೊಡನೆ ಯುದ್ಧ ಮುಗಿಯುವ ಮೊದಲು ಹಡಗಿನ ಅಧಿಪತ್ಯ ವಹಿಸಿದ್ದವರಿಗೆ ವಿನಾಯಿತಿ ಕೊಟ್ಟಿತು. 1813ರ ಆ ಕೆಲವು ದಿನಗಳ ಕಾರಣದಿಂದ ವಾಲಿಸ್ ಸಾಯುವವರೆಗೂ ಸೇವೆಯ ಪಟ್ಟಿಯಲ್ಲೇ ಉಳಿದರು. ‘ಸೇವೆಯ ಪಟ್ಟಿಯಲ್ಲಿರುವಾಗಲೇ’ ಎಂದು ಬರೆಯಿರಿ, ಅಡ್ಮಿರಲ್ ಎಂಬಲ್ಲಿ 1877ರ ಅಡ್ಮಿರಲ್ ಆಫ್ ದಿ ಫ್ಲೀಟ್ ಪದವಿಯನ್ನೂ ಪೂರ್ತಿಯಾಗಿ ಕೊಡಿ.

‘ಹಳದಿ ಅಡ್ಮಿರಲ್’ ಬೇಡ. 1864ರವರೆಗೆ ಅಡ್ಮಿರಲ್ಲರು ಕೆಂಪು, ಬಿಳಿ, ನೀಲಿ ಎಂಬ ಮೂರು ದಳಗಳಲ್ಲಿ ಹಂಚಿಹೋಗಿದ್ದರು. ಹಳದಿ ದಳ ಇರಲೇ ಇಲ್ಲ. ಪಟ್ಟಿಯಲ್ಲಿ ಸರದಿ ಬಂದರೂ ಕೆಲಸಕ್ಕೆ ಬೇಡವಾದ ಕ್ಯಾಪ್ಟನ್ನನಿಗೆ ಯಾವ ದಳವನ್ನೂ ಕೊಡದೆ ಮುಂಬಡ್ತಿ ನೀಡಿ ಬದಿಗೆ ಸರಿಸುತ್ತಿದ್ದರು. ‘ದಳವಿಲ್ಲದ ರಿಯರ್ ಅಡ್ಮಿರಲ್’ ಎಂದು ಹಾಕಿ. ಜಾಗವಿದ್ದರೆ, ನೌಕಾಪಡೆಯವರ ಬಾಯಲ್ಲಿ ಇಂಥವರಿಗೆ ಹಳದಿಯ ಅಡ್ಡಹೆಸರಿತ್ತು ಎಂದು ಕೆಳಗೆ ಒಂದು ಸಾಲು ಸೇರಿಸಿ.