ಕಾಂಬೋಡಿಯಾದವರು ಸೋಮಾರಿಗಳಾ, ಛಲಗಾರರಾ? ಕೆಲಸಕ್ಕೆ ಹೊರಟಿದ್ದೇನೆ, ಗೊತ್ತಿದ್ದವರು ಹೇಳಿ

ಪಿಬಿ ರೋಡ್ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ದುಡಿದಿದ್ದೇನೆ, ಮೊದಲು ಚೆಕ್ಕಿಂಗ್‌ನಲ್ಲಿ, ಆಮೇಲೆ ಲೈನ್ ಸೂಪರ್‌ವೈಸರ್ ಆಗಿ. ಈಗ ಕಾಂಬೋಡಿಯಾದ ಫ್ನಾಮ್ ಪೆನ್ ಹತ್ತಿರದ ಒಂದು ಫ್ಯಾಕ್ಟರಿಯಿಂದ ಆಫರ್ ಬಂದಿದೆ. ಸಂಬಳ ಪರವಾಗಿಲ್ಲ.

ಹೋಗೋ ಮುಂಚೆ ಅಲ್ಲಿನ ಜನ ಹೇಗೆ ಅಂತ ನೆಟ್‌ನಲ್ಲಿ ಓದಲು ಕೂತೆ, ತಲೆ ಕೆಟ್ಟುಹೋಯಿತು. ಅಲ್ಲಿ ಕೆಲಸ ಮಾಡಿ ಬಂದ ಬೇರೆ ದೇಶದವರಲ್ಲಿ ಅರ್ಧ ಜನರದ್ದು ಒಂದೇ ಹಾಡು: ಮಧ್ಯಾಹ್ನ ಆದರೆ ಬಲೆ ತೊಟ್ಟಿಲು ಕಟ್ಟಿಕೊಂಡು ಮಲಗುತ್ತಾರೆ, ವರ್ಷವಿಡೀ ಹಬ್ಬದ ರಜೆ, ಎಲ್ಲದಕ್ಕೂ ಹೂಂ ಅನ್ನುತ್ತಾರೆ ಆದರೆ ಮಾಡುವುದಿಲ್ಲ, ಸಂಬಳ ಆದ ಮಾರನೇ ದಿನ ಹೇಳದೆ ಕೇಳದೆ ಬಿಟ್ಟು ಹೋಗುತ್ತಾರೆ. ಇನ್ನರ್ಧ ಜನ ಪೂರ್ತಿ ಉಲ್ಟಾ. 1970ರ ದಶಕದ ಸರ್ವಾಧಿಕಾರಿ ಪೋಲ್ ಪಾಟ್ ಕಾಲದ ನರಕ ದಾಟಿ ಬಂದವರು, ಇಂಥ ಛಲ ಎಲ್ಲೂ ನೋಡಿಲ್ಲ, ಏನೇ ಕಷ್ಟ ಬಂದರೂ ನಗುತ್ತಲೇ ಇರುತ್ತಾರೆ ಅಂತ. ಯಾವುದನ್ನ ನಂಬಬೇಕು?

ನನ್ನ ಕೈಕೆಳಗೆ ಅರವತ್ತು ಜನ ಇರುತ್ತಾರಂತೆ, ಹೆಚ್ಚಿನವರು ಹೆಣ್ಣುಮಕ್ಕಳು. ನಮ್ಮ ಲೈನ್‌ಗಳಲ್ಲಿ ಜೋರು ಮಾಡುವ ಹಾಗೆ ಅಲ್ಲೂ ಮಾಡಿದರೆ ನಡೆಯುತ್ತಾ? ಮನೆಯಲ್ಲಿ ಅವ್ವ ಬೇರೆ ಅಷ್ಟು ದೂರ ಯಾಕೆ ಹೋಗ್ತೀಯೋ ಅಂತ ದಿನಾ ಶುರು ಮಾಡುತ್ತಾಳೆ.

ಹರಿಹರದ ಹೊಳೆಸಾಲು:

ತಮ್ಮಾ, ನಾನು ಅಲ್ಲಿ 2015ರಿಂದ ನಾಲ್ಕು ವರ್ಷ ಇದ್ದೆ. ನಿನ್ನದೇ ಕೆಲಸ. ವಯಸ್ಸಲ್ಲಿ ನನಗಿಂತ ಚಿಕ್ಕವನೇ ಇರಬೇಕು, ಅದಕ್ಕೆ ತಮ್ಮಾ ಅಂದೆ. ಅಲ್ಲೂ ಇದೇ ಲೆಕ್ಕ, ಯಾರು ದೊಡ್ಡವರು ಅಂತ ಗೊತ್ತಾಗದೆ ಮಾತೇ ಶುರುವಾಗಲ್ಲ. ದೊಡ್ಡವರಿಗೆ 'ಬೊಂಗ್', ಅಣ್ಣನಿಗೂ ಅಕ್ಕನಿಗೂ ಅದೇ ಪದ. ಚಿಕ್ಕವರಿಗೆ 'ಓನ್'. ಆದರೆ ನೀನು ಲೈನ್‌ನ ಹುಡುಗಿಯರಿಗೆ ಓನ್ ಅನ್ನಲು ಹೋಗಬೇಡ, ಗಂಡ ಹೆಂಡತಿಯನ್ನ ಕರೆಯುವುದೂ ಹಾಗೇ. ನಾನು ಒಂದು ವಾರ ಎಲ್ಲರಿಗೂ ಓನ್ ಓನ್ ಅಂತ ಓಡಾಡಿ ಇಡೀ ಫ್ಲೋರಿಗೆ ನಗೆಪಾಟಲಾಗಿದ್ದೆ.

ಈಗ ಜೋರು ಮಾಡುವ ವಿಷಯ. ನನ್ನ ಮೊದಲ ತಿಂಗಳು. ಶರ್ಟಿಗೆ ಜೇಬು ಕೂರಿಸುವ ಒಬ್ಬಳು ಆಪರೇಟರ್ ಇದ್ದಳು. ಜೇಬು ಎಡಗಡೆಗೆ ಕಾಲಿಂಚು ಇಳಿದು ಬರುತ್ತಿತ್ತು. ತೋರಿಸಿಕೊಟ್ಟೆ, 'ಚಾ, ಚಾ' ಅಂದಳು. ಹೆಂಗಸರು ಹೌದು ಅನ್ನಲು ಚಾ, ಗಂಡಸರು ಬಾತ್. ಒಂದು ಗಂಟೆ ಬಿಟ್ಟು ನೋಡಿದರೆ ಜೇಬು ಅಲ್ಲೇ ಇದೆ, ಕಾಲಿಂಚು ಕೆಳಗೆ. ನಾನು ಬೆಂಗಳೂರು ಶೈಲಿಯಲ್ಲಿ ಬಂಡಲ್ ಎತ್ತಿ ಟೇಬಲ್ ಮೇಲೆ ಕುಕ್ಕಿ ಇಡೀ ಲೈನ್ ಎದುರಿಗೆ ಕೂಗಾಡಿದೆ. ಅವಳು ನಕ್ಕಳು. ನಕ್ಕಿದ್ದು ನೋಡಿ ನನಗೆ ಇನ್ನೂ ಉರಿಯಿತು, ಇನ್ನೂ ಕೂಗಾಡಿದೆ. ಮಾರನೇ ದಿನ ಬೆಳಿಗ್ಗೆ ಅವಳ ಮಿಷಿನ್ ಮೇಲೆ ಬಟ್ಟೆ ಹೊದಿಸಿದ್ದು ಹಾಗೇ ಇತ್ತು. ಪಕ್ಕದ ಮೂರು ಮಿಷಿನ್‌ಗಳೂ ಹಾಗೇ. ನಾಲ್ವರೂ ಒಂದೇ ಊರಿನವರು, ಒಂದೇ ಗಾಡಿಯಲ್ಲಿ ಬರುವವರು. ರಸ್ತೆ ಆಚೆಗಿನ ಫ್ಯಾಕ್ಟರಿಗೆ ಸೇರಿಕೊಂಡಿದ್ದರು.

ಅಲ್ಲಿನ ಅಡ್ಮಿನ್ ಹುಡುಗ ಆಮೇಲೆ ಬಿಡಿಸಿ ಹೇಳಿದ. ಚಾ ಅಂದರೆ ನೀವು ಹೇಳಿದ್ದು ಕಿವಿಗೆ ಬಿತ್ತು ಅಂತ ಅಷ್ಟೇ, ಅರ್ಥ ಆಯಿತು ಅಂತ ಅಲ್ಲ. ನಗು ಬಂದಿದ್ದು ನಾಚಿಕೆಗೆ, ಹೆದರಿಕೆಗೆ. ಎಲ್ಲರೆದುರು ಬೈದರೆ ಮುಖ ಹೋಯಿತು ಅನ್ನುತ್ತಾರೆ, ನಾವು ಮರ್ಯಾದೆ ಹೋಯಿತು ಅಂದ ಹಾಗೆ. ಅಲ್ಲಿಂದ ಮುಂದೆ ನಾನು ಯಾರಿಗೂ ಅರ್ಥ ಆಯ್ತಾ ಅಂತ ಕೇಳಲಿಲ್ಲ. ಒಂದು ಪೀಸ್ ಹೊಲಿದು ತೋರಿಸಿ ಅನ್ನುತ್ತಿದ್ದೆ. ಆಲ್ಟರ್, ಅಂದರೆ ತಿದ್ದಲು ವಾಪಸ್ ಬರುವ ಪೀಸ್, ಅರ್ಧಕ್ಕರ್ಧ ಇಳಿಯಿತು, ಸುಳ್ಳಲ್ಲ.

ಸೋಮಾರಿತನದ ಮಾತಿಗೆ ಬಂದರೆ, ಬೆಳಿಗ್ಗೆ ಐದೂವರೆಗೆ ಹೆದ್ದಾರಿಯಲ್ಲಿ ಒಮ್ಮೆ ನಿಂತು ನೋಡು. ತೆರೆದ ಲಾರಿಗಳಲ್ಲಿ ಐವತ್ತು ಅರವತ್ತು ಹೆಣ್ಣುಮಕ್ಕಳು ನಿಂತುಕೊಂಡೇ ಬರುತ್ತಾರೆ, ಕೂರಲು ಜಾಗ ಇಲ್ಲ, ಮುಖಕ್ಕೆ ದುಪ್ಪಟ್ಟಾ ಸುತ್ತಿಕೊಂಡು. ವಾರಕ್ಕೆ 48 ಗಂಟೆ, ಅದರ ಮೇಲೆ ಓಟಿ. ಅಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ. ಕನಿಷ್ಠ ಕೂಲಿ 2014ರಲ್ಲಿ ತಿಂಗಳಿಗೆ 100 ಡಾಲರ್ ಇತ್ತು, 2025ಕ್ಕೆ 208 ಆಯಿತು. ಸುಮ್ನೆ ಆಗಲಿಲ್ಲ. 160 ಡಾಲರ್ ಕೊಡಿ ಅಂತ ಮುಷ್ಕರ ಕೂತಿದ್ದರು, 2014ರ ಜನವರಿಯಲ್ಲಿ ಫ್ನಾಮ್ ಪೆನ್‌ನಲ್ಲಿ ಗೋಲಿಬಾರ್ ಆಗಿ ಕನಿಷ್ಠ ನಾಲ್ಕು ಜನ ಸತ್ತರು. ಇನ್ನು ಹೇಳದೆ ಬಿಟ್ಟು ಹೋಗುವುದು. ಮೂರು ತಿಂಗಳು, ಆರು ತಿಂಗಳ ಕಾಂಟ್ರಾಕ್ಟ್ ಮೇಲೆ ಇಟ್ಟುಕೊಂಡರೆ ಹತ್ತು ಡಾಲರ್ ಜಾಸ್ತಿ ಕೊಡುವ ಕಡೆ ಹೋಗದೆ ಇನ್ನೇನು ಮಾಡುತ್ತಾರೆ? ಪೀಣ್ಯದಲ್ಲಿ ನೀನು ಎಷ್ಟು ಫ್ಯಾಕ್ಟರಿ ಬದಲಾಯಿಸಿದ್ದೀಯ, ನಿಜ ಹೇಳು.

ಭಟ್ಟಿ ಮನೆ ಮಗಳು:

ಅಣ್ಣ, ನಾನು ಕಾಂಬೋಡಿಯಾ ನೋಡಿಲ್ಲ. ಆದರೆ ಮಧ್ಯಾಹ್ನದ ನಿದ್ದೆ ಬಗ್ಗೆ ಓದಿ ಸುಮ್ನಿರಲು ಆಗಲಿಲ್ಲ.

ನಮ್ಮದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ನಮ್ಮಪ್ಪ ಬೆಳಗಿನ ಜಾವ ಮೂರಕ್ಕೆ ಒಲೆ ಹಚ್ಚುತ್ತಿದ್ದರು. ಕಾದ ಮರಳಿಗೆ ಉಪ್ಪು ನೀರು ಹಿಡಿಸಿದ ಅಕ್ಕಿ ಬಿದ್ದ ಕೂಡಲೇ ಅರಳಬೇಕು, ಒಂದು ಕ್ಷಣ ತಡವಾದರೆ ಕೆಂಪಗಾಗಿ ಹೋಗುತ್ತೆ, ಮಾರಲು ಬರಲ್ಲ. ಜರಡಿ ಹಿಡಿದು ಮರಳು ಬೇರೆ, ಮಂಡಕ್ಕಿ ಬೇರೆ ಮಾಡುತ್ತಾ ಆ ಹೊಗೆಯಲ್ಲಿ ಹನ್ನೊಂದರವರೆಗೆ ನಿಂತಿರಬೇಕು. ಅಪ್ಪನ ಮುಂಗೈಯಲ್ಲಿ ಕೂದಲೇ ಇರಲಿಲ್ಲ, ಸುಟ್ಟು ಸುಟ್ಟು. ಊಟ ಮಾಡಿ ಚೀಲಗಳ ಮೇಲೆ ಮಲಗಿದರೆ ಮೂರು ಗಂಟೆವರೆಗೆ ಎಬ್ಬಿಸುವ ಹಾಗಿಲ್ಲ. ಒಂದು ಸಲ ಬೆಂಗಳೂರಿಂದ ಯಾರೋ ಫೋಟೋ ತೆಗೆಯಲು ಬಂದವರು ಹನ್ನೆರಡೂವರೆಗೆ ಬಂದರು. ಇಲ್ಲಿ ಯಾರೂ ಕೆಲಸ ಮಾಡಲ್ವಾ, ಎಲ್ಲಾ ಮಲಗಿದ್ದಾರೆ ಅಂತ ನನ್ನನ್ನೇ ಕೇಳಿದರು. ನಾನು ಆಗ ಒಂಬತ್ತನೇ ಕ್ಲಾಸು. ಏನು ಹೇಳಬೇಕು ಅಂತ ತೋಚಲಿಲ್ಲ.

ಆ ಬಲೆ ತೊಟ್ಟಿಲಲ್ಲಿ ಮಲಗಿದವನು ಬೆಳಿಗ್ಗೆ ಎಷ್ಟೊತ್ತಿಗೆ ಎದ್ದಿದ್ದ ಅಂತ ಬರೆದವರು ಯಾರಾದರೂ ಕೇಳಿದ್ದಾರಾ?

ಹಬ್ಬದ ರಜೆ ಅಂತೀರಲ್ಲ, ದುಗ್ಗಮ್ಮನ ಜಾತ್ರೆ ವಾರ ದಾವಣಗೆರೆಯಲ್ಲಿ ಒಬ್ಬ ಗಾರೆಯವನನ್ನ ಹಿಡಿದು ತನ್ನಿ ನೋಡೋಣ.

ರೈಸ್‌ಮಿಲ್ ಫಿಟ್ಟರ್:

ಎಲ್ಲಾ ಸರಿ, ಆದರೆ ಹೊಗಳಿಕೆ ಸ್ವಲ್ಪ ಜಾಸ್ತಿ ಆಯಿತು. ನಾನು ಐದು ತಿಂಗಳು ಬಟಂಬಾಂಗ್‌ನಲ್ಲಿ ಇದ್ದೆ, ಅಕ್ಕಿ ಮಿಲ್ಲಿಗೆ ಮಿಷಿನ್ ಕೂರಿಸಲು ಹೋಗಿದ್ದು. ಅದು ಅವರ ಭತ್ತದ ಕಣಜ. ಹುಡುಗರು ಮೈ ಮುರಿದು ದುಡಿಯುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಐವತ್ತು ಕೇಜಿ ಚೀಲ ಹೊತ್ತು ಓಡುತ್ತಾರೆ. ಅಕ್ಕಿಯೂ ಬೇಜಾನ್ ಚೆನ್ನಾಗಿದೆ, ಅವರ ಮಲ್ಲಿಗೆ ಅಕ್ಕಿಗೆ 2012, 2013, 2014 ಮೂರು ವರ್ಷ ಸಾಲಾಗಿ ಜಗತ್ತಿನ ಬೆಸ್ಟ್ ಅಕ್ಕಿ ಅಂತ ಬಹುಮಾನ ಬಂದಿತ್ತು.

ನನ್ನ ತಕರಾರು ಬೇರೆ. ಏನಾದರೂ ಕೆಟ್ಟರೆ ಬಾಯಿ ಬಿಡಲ್ಲ. ಭತ್ತ ಮೇಲೆತ್ತುವ ಎಲಿವೇಟರ್‌ನ ಬೆಲ್ಟ್ ಒಂದು ಕಡೆಗೆ ಜರುಗಿ ಅಂಚು ಸವೆಯುತ್ತಾ ಇತ್ತು. ನೋಡಿಕೊಳ್ಳುವ ಹುಡುಗನಿಗೆ ಎರಡು ದಿನದಿಂದ ಗೊತ್ತಿತ್ತು. ದಿನಾ ಬಂದು ನನ್ನ ಜೊತೆ ಚಹಾ ಕುಡಿಯುತ್ತಿದ್ದ, ಏನಪ್ಪಾ ಎಲ್ಲಾ ಸರಿ ಇದೆಯಾ ಅಂದರೆ ಬಾತ್ ಅನ್ನುತ್ತಿದ್ದ. ಮೂರನೇ ದಿನ ಬೆಲ್ಟ್ ಹರಿದು ಬಕೆಟ್‌ಗಳೆಲ್ಲ ಕೆಳಗೆ. ಎರಡು ದಿನ ಮಿಲ್ ಬಂದ್. ಇದಕ್ಕೆ ಸೋಮಾರಿತನ ಅನ್ನಬೇಡಿ ಅಂದರೆ ಅನ್ನಲ್ಲ. ಆದರೆ ನಷ್ಟ ಆಗಿದ್ದು ಆಯಿತಲ್ಲ ಸ್ವಾಮಿ.

ಹರಿಹರದ ಹೊಳೆಸಾಲು:

ಫಿಟ್ಟರ್ ಸರ್, ನೀವು ಹೇಳಿದ್ದು ಖರೆ. ನಾನೂ ಅನುಭವಿಸಿದ್ದೇನೆ. ಆದರೆ ಆ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸಕ್ಕೆ ಹಿಂದೆ ಒಂದು ಕಥೆ ಇದೆ.

1975ರ ಏಪ್ರಿಲ್ 17ಕ್ಕೆ ಖಮೇರ್ ರೂಜ್‌ನವರು, ಅಂದರೆ ಪೋಲ್ ಪಾಟ್‌ನ ಕಮ್ಯುನಿಸ್ಟ್ ಪಡೆಯವರು, ಫ್ನಾಮ್ ಪೆನ್ ಒಳಗೆ ಬಂದು ಇಡೀ ಪಟ್ಟಣದ ಜನರನ್ನ, ಆಸ್ಪತ್ರೆಯ ರೋಗಿಗಳನ್ನೂ ಬಿಡದೆ, ಹಳ್ಳಿಗೆ ಅಟ್ಟಿದರು. 1979ರ ಜನವರಿವರೆಗೆ ದೇಶವೇ ಒಂದು ಜೀತದ ಹೊಲ. ಹೆಕ್ಟೇರಿಗೆ ಮೂರು ಟನ್ ಭತ್ತ ಬರಲೇಬೇಕು ಅಂತ ಮೇಲಿನ ಆಜ್ಞೆ, ಕೈಯಲ್ಲಿ ಕಾಲುವೆ ತೋಡಬೇಕು, ತಿನ್ನಲು ನೀರು ಗಂಜಿ. ಸುಮಾರು 17 ಲಕ್ಷ ಜನ ಸತ್ತರು ಅನ್ನುತ್ತಾರೆ, ಅಂದರೆ ನಾಲ್ಕೈದು ಜನರಲ್ಲಿ ಒಬ್ಬರು. ಓದಿದವನು ಅಂತ ಗೊತ್ತಾದರೆ ಹೋದ. ಕಾಲುವೆ ವಾಟ ತಪ್ಪಿದೆ, ನೀರು ಹರಿಯಲ್ಲ ಅಂತ ಬಾಯಿ ಬಿಟ್ಟವನೂ ಹೋದ. ಆಗ ಜನರ ನಡುವೆ ಒಂದು ಮಾತಿತ್ತಂತೆ, ಬಿಳಿ ಬೂರುಗದ ಗಿಡ ನೆಡು ಅಂತ. ಅವರ ಭಾಷೆಯಲ್ಲಿ ಬೂರುಗಕ್ಕೂ ಮೂಕನಿಗೂ ಒಂದೇ ಪದ, 'ಕೋ'. ಮೂಕನ ಹಾಗೆ ಇದ್ದರೆ ಬದುಕುತ್ತೀಯ ಅಂತ ಅರ್ಥ. ನಿಮ್ಮ ಬೆಲ್ಟ್ ಹುಡುಗ ಆಗ ಹುಟ್ಟೇ ಇರಲಿಲ್ಲ, ಒಪ್ಪುತ್ತೇನೆ. ಅವನನ್ನ ಬೆಳೆಸಿದ ಅಜ್ಜಿ ಇದ್ದಳಲ್ಲ.

ಇನ್ನು ಛಲ ಅಂತ ಹೊಗಳುವವರ ಕಥೆ. ನಮ್ಮ ಮನೆ ಓನರಮ್ಮ ಹುಡುಗಿಯಾಗಿದ್ದಾಗ ಆ ಕಾಲುವೆ ಮಣ್ಣು ಹೊತ್ತವರು. ನಾನು ಇದ್ದಾಗ ದಿನಾ ನಾಲ್ಕಕ್ಕೆ ಎದ್ದು ಬೀದಿಯಲ್ಲಿ ನೂಡಲ್ಸ್ ಸಾರು ಮಾರುತ್ತಿದ್ದರು. ಮೇಲಿನ ರೂಮಿಗೆ ಒಬ್ಬ ಯುರೋಪಿನವನು ಬಾಡಿಗೆಗೆ ಬಂದ. ಆಯಮ್ಮನ ಕಥೆಯೆಲ್ಲ ಕೇಳಿ, ನಿಮ್ಮಷ್ಟು ಗಟ್ಟಿ ಜನ ನಾನು ಎಲ್ಲೂ ನೋಡಿಲ್ಲ ಅಂತ ಕಣ್ಣಲ್ಲಿ ನೀರು ತಂದುಕೊಂಡ. ತಿಂಗಳ ಕೊನೆಗೆ ಬಾಡಿಗೆಯಲ್ಲಿ ಇಪ್ಪತ್ತು ಡಾಲರ್ ಬಿಡಿ ಅಂದ. ಓನರಮ್ಮ ಚಾ, ಚಾ ಅಂದರು. ಒಂದು ಡಾಲರೂ ಬಿಡಲಿಲ್ಲ.

ಚಳ್ಳಕೆರೆ ಶೇಂಗಾ:

ಇದನ್ನ ಓದಿ ನಮ್ಮ ಕಡೆಯದೇ ಕಥೆ ಅನಿಸಿತು, ಅದಕ್ಕೆ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಸೋಮಾರಿ ಅನ್ನುವ ಬಿರುದು ಇವತ್ತಿನದಲ್ಲ. 1863ರಿಂದ 1953ರವರೆಗೆ ಅಲ್ಲಿ ಫ್ರೆಂಚರ ಆಳ್ವಿಕೆ. ಆ ಕಾಲದಿಂದ ಒಂದು ಮಾತು ಓಡಾಡುತ್ತಿದೆ: ವಿಯೆಟ್ನಾಮಿನವನು ಭತ್ತ ನೆಡುತ್ತಾನೆ, ಕಾಂಬೋಡಿಯಾದವನು ಅದು ಬೆಳೆಯುವುದನ್ನ ನೋಡುತ್ತಾನೆ, ಲಾವೋಸಿನವನು ಬೆಳೆಯುವ ಸದ್ದು ಕೇಳುತ್ತಾನೆ. ಕೇಳಲು ಮಜಾ ಇದೆ. ಕಚೇರಿ ಗುಮಾಸ್ತಿಕೆಗೆ, ರಬ್ಬರ್ ತೋಟಕ್ಕೆ ಫ್ರೆಂಚರು ವಿಯೆಟ್ನಾಮಿನವರನ್ನೇ ಕರೆತಂದರು. ಇದೇ 'ನೋಡುತ್ತಾ ಕೂರುವ' ಜನ 1916ರಲ್ಲಿ ತೆರಿಗೆ, ಬಿಟ್ಟಿ ದುಡಿಮೆ ಸಾಕು ಅಂತ ಸಾವಿರಾರು ಸಂಖ್ಯೆಯಲ್ಲಿ ಹಳ್ಳಿಗಳಿಂದ ನಡೆದು ರಾಜನ ಹತ್ತಿರ ದೂರು ಕೊಡಲು ಹೋಗಿದ್ದರು. ಆ ಗಾದೆ ಹೇಳುವವರು ಇದನ್ನ ಹೇಳಲ್ಲ.

ನಿಜವಾದ ವ್ಯತ್ಯಾಸ ನೀರು. ವಿಯೆಟ್ನಾಮಿನ ಮೆಕಾಂಗ್ ಬಯಲಲ್ಲಿ ವರ್ಷಕ್ಕೆ ಎರಡು ಮೂರು ಬೆಳೆ. ಕಾಂಬೋಡಿಯಾದಲ್ಲಿ ಬಹಳ ಕಡೆ ಮಳೆ ನಂಬಿದ ಒಂದೇ ಬೆಳೆ. ಒಂದು ಬೆಳೆಯವನು ಉಳಿದ ತಿಂಗಳು ಹೊಲದಲ್ಲಿ ಕಾಣಲ್ಲ, ಅಷ್ಟೇ. ಭದ್ರಾ ಚಾನಲ್ ಇರುವ ದಾವಣಗೆರೆ ಕಡೆಯ ನೆಂಟರು ನಮ್ಮೂರಿಗೆ ಬಂದಾಗ ಇದನ್ನೇ ಅನ್ನುತ್ತಾರೆ, ನಿಮ್ಮ ಕಡೆಯವರು ಬೇಸಿಗೆಯಲ್ಲಿ ಕಟ್ಟೆ ಮೇಲೆ ಕೂತು ಬೀಡಿ ಸೇದುತ್ತಾರೆ ಅಂತ. ಜಗಳೂರಿನವರಿಗೂ ಇದೇ ಮಾತು ಕೇಳಿ ಅಭ್ಯಾಸ. ಸ್ವಾಮಿ, ಚಾನಲ್ ನೀರು ಬಿಡಿ, ನಾವೂ ಎರಡು ಬೆಳೆ ತೆಗೆಯುತ್ತೇವೆ. ಭದ್ರಾ ಮೇಲ್ದಂಡೆ ಬರುತ್ತೆ ಬರುತ್ತೆ ಅಂತ ನಮ್ಮಪ್ಪನ ಕಾಲದಿಂದ ಕೇಳುತ್ತಿದ್ದೇನೆ.

ಹೊಗಳಿಕೆಯೂ ಹೀಗೇ. ಚಿತ್ರದುರ್ಗ ಅಂದ ಕೂಡಲೇ ಆಹಾ ಓಬವ್ವನ ನಾಡು, ಗಂಡೆದೆ ಜನ ಅಂತಾರೆ. ಸಂತೋಷ. ಆಮೇಲೆ ಶೇಂಗಾ ರೇಟು ಕೇಳಿದರೆ ಅದೇ ಹಳೇ ರೇಟು. ಅಲ್ಲಿ ಅಂಗ್ಕೋರ್ ವಾಟ್ ಕಟ್ಟಿದ ಜನ ಅಂತಾರೆ, ಸಂಬಳದ ಮಾತು ಬಂದರೆ ವಿಷಯ ಬದಲಾಯಿಸುತ್ತಾರೆ.

ಸುಮ್ನೆ ಓದುವವನು:

ಜನರ ಸ್ವಭಾವ ಆಮೇಲೆ. ಪಿಬಿ ರೋಡ್ ಅವರೇ, ಮೊದಲು ಆಫರ್ ಅಸಲಿಯಾ ಅಂತ ನೋಡಿ. ಡೇಟಾ ಎಂಟ್ರಿ ಕೆಲಸ ಅಂತ ಕರೆಸಿ, ಕೂಡಿಹಾಕಿ ಆನ್‌ಲೈನ್ ಮೋಸ ಮಾಡಿಸುವ ಅಡ್ಡೆಗಳು ಅಲ್ಲಿವೆ. ಸುಮಾರು 250 ಭಾರತೀಯರನ್ನ ಬಿಡಿಸಿ ತಂದಿದ್ದೇವೆ ಅಂತ 2024ರ ಮಾರ್ಚ್‌ನಲ್ಲಿ ನಮ್ಮ ವಿದೇಶಾಂಗ ಸಚಿವಾಲಯವೇ ಹೇಳಿತ್ತು. ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ ಅಂದರೆ ಹೋಗಲೇಬೇಡಿ. ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ.

ಪಿಬಿ ರೋಡ್ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಆಫರ್ ಅಸಲಿ, ನನ್ನ ಹಳೇ ಮ್ಯಾನೇಜರ್ ಅಲ್ಲೇ ಇದ್ದಾರೆ, ವೀಡಿಯೋ ಕಾಲ್‌ನಲ್ಲಿ ಫ್ಲೋರೆಲ್ಲ ತೋರಿಸಿದರು. ಹೊಳೆಸಾಲು ಅಣ್ಣ ಕೇಳಿದ್ದಕ್ಕೆ ಉತ್ತರ: ಹನ್ನೊಂದು ವರ್ಷಕ್ಕೆ ಆರು ಫ್ಯಾಕ್ಟರಿ. ಎರಡರಲ್ಲಿ ಹೇಳದೆ ಬಿಟ್ಟಿದ್ದೆ. ನಾಲ್ಕನೆಯದರಲ್ಲಿ ಒಬ್ಬ ಮ್ಯಾನೇಜರ್ ಎಲ್ಲರೆದುರು ನನ್ನ ಮುಖಕ್ಕೆ ಪೀಸ್ ಎಸೆದಿದ್ದ, ಅದನ್ನ ಇವತ್ತಿನವರೆಗೆ ಮನೆಯಲ್ಲಿ ಹೇಳಿಲ್ಲ. ನಿಮ್ಮ ಜೇಬಿನ ಕಥೆ ಓದಿದಾಗ ಅದೇ ನೆನಪಾಯಿತು.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಅವ್ವ ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಕಾಳುಮೆಣಸು ಎಲ್ಲಾ ಕಟ್ಟುತ್ತಿದ್ದಾಳೆ. ಏನು ಒಯ್ಯಲಿ?

ಹರಿಹರದ ಹೊಳೆಸಾಲು:

ಚಟ್ನಿಪುಡಿ ಎರಡು ಕೇಜಿ ಒಯ್ಯಿ, ಲೈನ್‌ನವರೂ ಕೇಳುತ್ತಾರೆ. ಮಂಡಕ್ಕಿ ಜಾಗ ಜಾಸ್ತಿ ತಿನ್ನುತ್ತೆ, ಅವ್ವನಿಗೆ ಬೇಜಾರಾಗದ ಹಾಗೆ ಒಂದು ಸೇರು ಸಾಕು. ಕಾಳುಮೆಣಸು ಬೇಡ. ಅಲ್ಲಿ ಕಾಂಪೋಟ್ ಅಂತ ಒಂದು ಊರಿದೆ, ಅದರ ಮೆಣಸು ಒಂದು ಕಾಲಕ್ಕೆ ಪ್ಯಾರಿಸ್‌ನ ಹೋಟೆಲ್‌ಗಳಿಗೆ ಹೋಗುತ್ತಿತ್ತು. ಪೋಲ್ ಪಾಟ್ ಕಾಲದಲ್ಲಿ ಬಳ್ಳಿ ಬಿಟ್ಟು ಭತ್ತ ಹಾಕಿ ಅಂದರು, ತೋಟಗಳು ಹಾಳಾದವು. ಉಳಿದ ಮನೆಗಳವರು ಬಂದು ಮತ್ತೆ ನೆಟ್ಟರು, 2010ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ಕಿತು. ಬರುವಾಗ ನಿಮ್ಮವ್ವನಿಗೆ ಅದರಲ್ಲಿ ಅರ್ಧ ಕೇಜಿ ತಗೊಂಡು ಬಾ. ರೇಟು ಕೇಳಿ ಬೆಚ್ಚಬೇಡ, ಚೌಕಾಸಿನೂ ಮಾಡಬೇಡ.